ಸಣ್ಣ ಪ್ರಮಾಣದಲ್ಲಿ ರಾಸಾಯನಿಕಗಳನ್ನು ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಬೆಂಗಳೂರಿನ ಉತ್ತರಕ್ಕೆ ಬಳ್ಳಾರಿ ರಸ್ತೆಯ ಒಂದು ಮಗ್ಗುಲಿಗೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವಿದೆ. ಇನ್ನೊಂದು ಮಗ್ಗುಲಿಗೆ ಅಮೃತಹಳ್ಳಿ ಇದೆ. ಹಿಂದೆ ಹೊಲ ತೋಟಗಳಿದ್ದ ಅಮೃತಹಳ್ಳಿ, ಜಕ್ಕೂರು, ಹೆಬ್ಬಾಳದ ಸುತ್ತಮುತ್ತ ಇಂದು ಬಡಾವಣೆಗಳು ಎದ್ದಿವೆ. ಹೊಲ ಹೋದರೂ ಬೇಸಾಯದ ಆಸಕ್ತಿ ಹೋಗಿಲ್ಲ. ಹಿತ್ತಿಲಲ್ಲಿ ನಾಲ್ಕು ನಿಂಬೆ, ಸೀಬೆ ಗಿಡ, ತಾರಸಿಯ ಮೇಲೆ ಕುಂಡಗಳಲ್ಲಿ ಟೊಮೇಟೊ, ಗುಲಾಬಿ, ಎಲ್ಲೋ ಉಳಿದ ಕೆಲವು ಗುಂಟೆಯಲ್ಲಿ ಸೊಪ್ಪು ತರಕಾರಿ ಬೆಳೆಯುವವರು ಬಹಳ ಮಂದಿ ಇದ್ದಾರೆ. ಇವರಲ್ಲಿ ಕೆಲವರು ತಾವೇ ಕಡ್ಡಿ ನೆಟ್ಟು ಬೇರು ಬರಿಸುವುದು, ಲಘು ಪೋಷಕಾಂಶಗಳನ್ನು ತಾವೇ ಬೆರೆಸಿ ಸಿಂಪಡಿಸುವುದು ಮುಂತಾದ ಪ್ರಯೋಗಗಳಲ್ಲಿಯೂ ತೊಡಗಿರುತ್ತಾರೆ.

ಇಂತಹ ಹವ್ಯಾಸಿ ಬೆಳೆಗಾರರಿಗೆ ಬೇಕಾಗುವ ರಾಸಾಯನಿಕಗಳ ಪ್ರಮಾಣ ಬಹಳ ಕಡಿಮೆ. ವರ್ಷಕ್ಕೆ ಅರ್ಧ ಕಿಲೋ ಮೈಲುತುತ್ತ, ಕಾಲು ಕಿಲೋ ಸತುವಿನ ಸಲ್ಫೇಟ್, ಹತ್ತಿಪ್ಪತ್ತು ಗ್ರಾಂ ಬೋರಾಕ್ಸ್, ಒಂದು ಗ್ರಾಮಿಗೂ ಕಡಿಮೆ ಸಸ್ಯಚೋದಕ ಇವರಿಗೆ ಸಾಕು. ಆದರೆ ಸಗಟು ಅಂಗಡಿಯಲ್ಲಿ ಚೀಲ 25 ಅಥವಾ 50 ಕಿಲೋದ್ದು. ಆದ್ದರಿಂದ ಒಡೆದ ಚೀಲದಿಂದ ತೂಗಿಸಿಕೊಂಡು, ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಮನೆಗೆ ತರುವುದು ವಾಡಿಕೆಯಾಗಿದೆ. ಇದರಿಂದ ಮೂರು ತೊಡಕುಗಳು ಉಂಟಾಗುತ್ತವೆ. ಮೊದಲನೆಯದು, ತಂದ ಪದಾರ್ಥ ಯಾವುದು, ಅದರಲ್ಲಿ ಸತ್ವ ಎಷ್ಟು ಎಂಬುದು ತಿಳಿಯುವುದಿಲ್ಲ. ಎರಡನೆಯದು, ಹೊಲಕ್ಕೆಂದು ಹೇಳಿದ ಪ್ರಮಾಣವನ್ನು ಕುಂಡಕ್ಕೆ ಇಳಿಸುವಾಗ ಲೆಕ್ಕ ತಪ್ಪುತ್ತದೆ. ಮೂರನೆಯದು, ಅಡಿಗೆ ಮನೆಯಿರುವ ಕಡೆ ವಿಷ ಪದಾರ್ಥ ಬಂದು ಸೇರುತ್ತದೆ. ಮೊದಲೆರಡರಿಂದ ಗಿಡ ಹಾಳಾಗಬಹುದು. ಮೂರನೆಯದರಿಂದ ಪ್ರಾಣಕ್ಕೇ ಅಪಾಯ.

ಹೊಸ ಪದ್ಧತಿಯಲ್ಲ

ರೈತನೇ ರಾಸಾಯನಿಕವನ್ನು ಕೊಂಡು ತಂದು, ಅಳೆದು, ಬೆರೆಸಿ ಬಳಸುವುದು ನಮ್ಮಲ್ಲಿ ಹೊಸದೇನಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗದ ಬಗ್ಗೆ ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪರಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಅಂದಿನಿಂದ ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಮತ್ತು ಸುಣ್ಣವನ್ನು ಒದಗಿಸಿಕೊಳ್ಳುವುದು ಅಡಿಕೆ ಬೆಳೆಗಾರರ ವಾರ್ಷಿಕ ಕೆಲಸಗಳಲ್ಲಿ ಒಂದಾಯಿತು.

ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ ಬೇಕು. ಹಿತ್ತಿಲಿಗೆ 10 ಲೀಟರ್ ಸಾಕಾದರೆ ಎರಡೂ 100 ಗ್ರಾಂ. ನೋಡಲು ಇದು ಸುಲಭ. ಆದರೆ ಸುಣ್ಣ ಹಳತಾಗಿ ಗಾಳಿಗೆ ತೆರೆದಿದ್ದು ಪುಡಿಯಾಗಿದ್ದರೆ ಅದಕ್ಕೆ ತಾಮ್ರದ ಆಮ್ಲಗುಣವನ್ನು ಶಮನ ಮಾಡುವ ಶಕ್ತಿ ಉಳಿದಿರುವುದಿಲ್ಲ. ಅಂತಹ ದ್ರಾವಣ ಎಲೆಗಳನ್ನು ಸುಡುತ್ತದೆ. ಮೈಲುತುತ್ತದಲ್ಲಿ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಬೆರೆತಿದ್ದರೆ ರೋಗ ತಡೆಯುವ ಶಕ್ತಿ ತಗ್ಗುತ್ತದೆ. ತೂಕ ಸರಿಯಾಗಿದ್ದರೂ ಔಷಧಿ ಕೆಟ್ಟಿತು. ಹೀಗೆ, ಕೊಳ್ಳುವ ಪದಾರ್ಥದ ಗುಣವೇ ಉಪಚಾರದ ಅರ್ಧ ಭಾಗ.

ಒಂದೇ ಹೆಸರು, ಬೇರೆ ಬೇರೆ ಸತ್ವ

ಅಂಗಡಿಯಲ್ಲಿ 'ಜಿಂಕ್' ಕೊಡಿ ಎಂದರೆ ಮೂರು ಬಗೆಯ ಪದಾರ್ಥಗಳು ಸಿಗಬಹುದು. ಹರಳಿನಲ್ಲಿ ನೀರಿನಂಶ ಹೆಚ್ಚಿರುವ ಹೆಪ್ಟಾಹೈಡ್ರೇಟ್ ಸತುವಿನ ಸಲ್ಫೇಟಿನಲ್ಲಿ ಸತು ಶೇಕಡ 21. ನೀರಿನಂಶ ಕಡಿಮೆ ಇರುವ ಮಾನೋಹೈಡ್ರೇಟಿನಲ್ಲಿ ಶೇಕಡ 33. ಇ.ಡಿ.ಟಿ.ಎ. ಕೀಲೇಟ್ ರೂಪದ ಸತುವಿನಲ್ಲಿ ಶೇಕಡ 12. ಮೂರಕ್ಕೂ ಜನ ಬಳಸುವ ಹೆಸರು ಒಂದೇ.

ಶೇಕಡ 0.5ರ ಸಿಂಪರಣೆ ಎಂದರೆ ಸಾಮಾನ್ಯವಾಗಿ ಹೆಪ್ಟಾಹೈಡ್ರೇಟನ್ನು ಲೀಟರಿಗೆ 5 ಗ್ರಾಂ, ಅದರ ಜೊತೆಗೆ ನಂದಿಸಿದ ಸುಣ್ಣ 2.5 ಗ್ರಾಂ ಎಂದು ಅರ್ಥ. ಕೈಯಲ್ಲಿರುವುದು ಮಾನೋಹೈಡ್ರೇಟ್ ಆಗಿದ್ದರೆ 5ನ್ನು 21ರಿಂದ ಗುಣಿಸಿ 33ರಿಂದ ಭಾಗಿಸಬೇಕು. ಆಗ ಲೀಟರಿಗೆ 3.2 ಗ್ರಾಂ ಮಾತ್ರ ಸಾಕಾಗುತ್ತದೆ. ಇದನ್ನು ಗಮನಿಸದೆ 5 ಗ್ರಾಂ ಹಾಕಿದರೆ ಒಂದೂವರೆ ಪಟ್ಟು ಹೆಚ್ಚಾಗಿ ಎಳೆ ಚಿಗುರು ಸುಡಬಹುದು.

ಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಸಾಮಾನ್ಯವಾಗಿ ಬಳಸುವ ಕೆಲವು ಲವಣಗಳಲ್ಲಿ ಇರಬೇಕಾದ ಕನಿಷ್ಠ ಸತ್ವ ಹೀಗಿದೆ:

ಬೋರಾಕ್ಸ್ — ಬೋರಾನ್ ಶೇಕಡ 10.5
ಬೋರಿಕ್ ಆಮ್ಲ — ಬೋರಾನ್ ಶೇಕಡ 17
ಮೈಲುತುತ್ತ — ತಾಮ್ರ ಶೇಕಡ 24
ಅನ್ನಭೇದಿ — ಕಬ್ಬಿಣ ಶೇಕಡ 19
ಮ್ಯಾಂಗನೀಸ್ ಸಲ್ಫೇಟ್ — ಮ್ಯಾಂಗನೀಸ್ ಶೇಕಡ 30.5

ಈ ಅಂಕಿಗಳು ಗೊತ್ತಿದ್ದರೆ ಬೆಲೆಯನ್ನೂ ಸರಿಯಾಗಿ ತೂಗಿ ನೋಡಬಹುದು. ಉದಾಹರಣೆಗೆ ಶೇಕಡ 21ರ ಸತುವಿನ ಸಲ್ಫೇಟ್ ಕಿಲೋಗೆ 80 ರೂಪಾಯಿ, ಶೇಕಡ 33ರದ್ದು 110 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದು ಅಗ್ಗವೆಂದು ತೋರುತ್ತದೆ. ಆದರೆ 100 ಗ್ರಾಂ ಸತು ದೊರೆಯಲು ಮೊದಲನೆಯದು 476 ಗ್ರಾಂ ಬೇಕು, ಅದಕ್ಕೆ ಸುಮಾರು 38 ರೂಪಾಯಿ. ಎರಡನೆಯದು 303 ಗ್ರಾಂ ಸಾಕು, ಅದಕ್ಕೆ ಸುಮಾರು 33 ರೂಪಾಯಿ. ಕಿಲೋದ ಬೆಲೆಯನ್ನು ನೋಡದೆ ಸತ್ವದ ಬೆಲೆಯನ್ನು ನೋಡಬೇಕು.

ಯಾವ ದರ್ಜೆ ಬೇಕು?

ರಾಸಾಯನಿಕಗಳು ಬೇರೆ ಬೇರೆ ದರ್ಜೆಗಳಲ್ಲಿ ಮಾರಾಟವಾಗುತ್ತವೆ. ಇವುಗಳ ಅರ್ಥ ತಿಳಿಯದೆ ಕೆಲವರು ಅತಿ ದುಬಾರಿಯಾದುದನ್ನು, ಇನ್ನು ಕೆಲವರು ಉಪಯೋಗಕ್ಕೆ ಬಾರದುದನ್ನು ಕೊಳ್ಳುತ್ತಾರೆ.

ಕೈಗಾರಿಕಾ ದರ್ಜೆ: ಲೋಹಲೇಪನ, ಬಣ್ಣ, ಚರ್ಮ ಹದ ಮಾಡುವ ಕೈಗಾರಿಕೆಗಳಿಗಾಗಿ ತಯಾರಾದದ್ದು. ಬೆಲೆ ಕಡಿಮೆ. ಆದರೆ ಇದರಲ್ಲಿ ಸೀಸದಂತಹ ಭಾರ ಲೋಹಗಳು ಎಷ್ಟಿರಬಹುದೆಂಬುದಕ್ಕೆ ಗೊಬ್ಬರಕ್ಕಿರುವಂತಹ ಕಟ್ಟುಪಾಡು ಇಲ್ಲ. ತಿನ್ನುವ ಬೆಳೆಗಳಿಗೆ ಇದನ್ನು ಬಳಸಬಾರದು.

ಗೊಬ್ಬರದ ದರ್ಜೆ: ಗೊಬ್ಬರ ನಿಯಂತ್ರಣ ಆಜ್ಞೆಗೆ ಅನುಗುಣವಾದದ್ದು. ಉದಾಹರಣೆಗೆ ಸತುವಿನ ಸಲ್ಫೇಟಿನಲ್ಲಿ ಸೀಸ ಶೇಕಡ 0.003ನ್ನು ಮೀರುವಂತಿಲ್ಲ. ತೋಟ, ಕುಂಡ, ಹಿತ್ತಿಲು ಎಲ್ಲಕ್ಕೂ ಇದೇ ಸರಿಯಾದ ದರ್ಜೆ.

ಪ್ರಯೋಗಾಲಯದ ದರ್ಜೆ: ಸೀಸೆಯ ಮೇಲೆ ಎಲ್.ಆರ್. ಎಂದಿದ್ದರೆ ಶಾಲೆ ಕಾಲೇಜಿನ ಸಾಮಾನ್ಯ ಪ್ರಯೋಗಗಳಿಗೆ, ಎ.ಆರ್. ಎಂದಿದ್ದರೆ ನಿಖರವಾದ ವಿಶ್ಲೇಷಣೆಗೆ. ಬೆಲೆ ಹಲವು ಪಟ್ಟು. ಅಂಗಾಂಶ ಕೃಷಿಯ ಮಾಧ್ಯಮ ತಯಾರಿಸುವವರಿಗೆ ಇದು ಬೇಕು. ಟೊಮೇಟೊ ಗಿಡಕ್ಕೆ ಸಿಂಪಡಿಸಲು ಬೇಕಿಲ್ಲ.

ಔಷಧ ದರ್ಜೆ: ಐ.ಪಿ. ಎಂಬ ಗುರುತಿರುತ್ತದೆ. ಔಷಧಿ ಅಂಗಡಿಯಲ್ಲಿ ಸಣ್ಣ ಪೊಟ್ಟಣಗಳಲ್ಲಿ ಸಿಗುವ ಬೋರಿಕ್ ಆಮ್ಲ ಈ ಬಗೆಯದು. ಕೆಲವು ಗ್ರಾಂ ಮಾತ್ರ ಬೇಕಾದಾಗ ಇದು ಅನುಕೂಲ. ಆದರೆ ಕೇರಂ ಹಲಗೆಗೆಂದು ಮಾರುವ ಪುಡಿಯಲ್ಲಿ ಬೇರೆ ಪುಡಿಗಳು ಬೆರೆತಿರಬಹುದಾದ್ದರಿಂದ ಅದನ್ನು ಗಿಡಗಳಿಗೆ ಬಳಸಬಾರದು.

ನಾಲ್ಕೈದು ಲವಣಗಳನ್ನು ಬೇರೆ ಬೇರೆಯಾಗಿ ಕೊಂಡು ಬೆರೆಸುವ ತೊಂದರೆ ಬೇಡ ಎನ್ನುವವರಿಗೆ ಸಿದ್ಧ ಮಿಶ್ರಣಗಳೂ ಇವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತರಕಾರಿಗಳಿಗಾಗಿ 'ಅರ್ಕಾ ವೆಜಿಟಬಲ್ ಸ್ಪೆಷಲ್' ಮುಂತಾದ ಲಘು ಪೋಷಕಾಂಶ ಮಿಶ್ರಣಗಳನ್ನು ರೂಪಿಸಿದೆ. ಹತ್ತಾರು ಗಿಡಗಳಿರುವ ಮನೆಗೆ ಐದು ಬಗೆಯ ಲವಣಗಳಿಗಿಂತ ಇಂತಹ ಒಂದು ಪೊಟ್ಟಣ ಎಷ್ಟೋ ವಾಸಿ.

ಹೊಲದ ಲೆಕ್ಕವನ್ನು ಕುಂಡಕ್ಕೆ ಇಳಿಸುವುದು

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಬೋರಾನಿನ ವಿಷಯದಲ್ಲಿ ಅಕ್ಷರಶಃ ಸತ್ಯ. ಗಿಡಕ್ಕೆ ಸಾಲದ ಮಟ್ಟಕ್ಕೂ ಹೆಚ್ಚಾಗಿ ವಿಷವಾಗುವ ಮಟ್ಟಕ್ಕೂ ಇರುವ ಅಂತರ ಬಹಳ ಕಿರಿದು. ಹೆಚ್ಚಾದರೆ ಎಲೆಯ ತುದಿ ಮತ್ತು ಅಂಚು ಹಳದಿಯಾಗಿ ಒಣಗುತ್ತವೆ.

ಹೆಕ್ಟೇರಿಗೆ 10 ಕಿಲೋ ಬೋರಾಕ್ಸ್ ಹಾಕಬೇಕೆಂಬ ಸಲಹೆಯನ್ನು ಕುಂಡಕ್ಕೆ ಅನ್ವಯಿಸಿ ನೋಡೋಣ. ಒಂದು ಹೆಕ್ಟೇರಿನ ಮೇಲ್ಪದರದ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಅಂದರೆ ಒಂದು ಕಿಲೋ ಮಣ್ಣಿಗೆ ಬೀಳುವುದು 5 ಮಿಲಿಗ್ರಾಂ ಬೋರಾಕ್ಸ್. 10 ಕಿಲೋ ಮಣ್ಣು ಹಿಡಿಯುವ ಕುಂಡಕ್ಕೆ 50 ಮಿಲಿಗ್ರಾಂ. ಒಂದು ಟೀ ಚಮಚೆಯಲ್ಲಿ ಸುಮಾರು 4 ಗ್ರಾಂ ಹಿಡಿಯುತ್ತದೆ. 'ಒಂದು ಚಮಚೆ ಹಾಕಿದರಾಯಿತು' ಎಂದು ಹಾಕಿದರೆ ಬೇಕಾದುದರ 80 ಪಟ್ಟು ಹಾಕಿದಂತಾಯಿತು!

50 ಮಿಲಿಗ್ರಾಮನ್ನು ಮನೆಯ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಇದಕ್ಕೆ ಸುಲಭ ಉಪಾಯ ನೀರಿನಲ್ಲಿ ಕರಗಿಸುವುದು. 1 ಗ್ರಾಂ ಬೋರಾಕ್ಸನ್ನು 1 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿದರೆ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುತ್ತದೆ. ಅದರಿಂದ 50 ಮಿಲಿಲೀಟರ್ ಅಳೆದು ಇನ್ನಷ್ಟು ನೀರಿನೊಡನೆ ಕುಂಡಕ್ಕೆ ಹಾಕಿದರೆ ಸರಿಯಾದ ಪ್ರಮಾಣ ಸಿಕ್ಕಿತು. ಒಂದು ಗ್ರಾಮಿನಲ್ಲಿ ಇಂತಹ 20 ಕುಂಡಗಳಿಗೆ ಆಯಿತು. ಆದರೂ ಕೊರತೆಯ ಚಿಹ್ನೆ ಅಥವಾ ಮಣ್ಣು ಪರೀಕ್ಷೆಯ ಆಧಾರವಿಲ್ಲದೆ ಬೋರಾನ್ ಹಾಕುವುದು ಸರಿಯಲ್ಲ.

ಸಸ್ಯಚೋದಕಗಳ ಲೆಕ್ಕವೂ ಹೀಗೆಯೇ. ಇವುಗಳ ಪ್ರಮಾಣವನ್ನು ಪಿ.ಪಿ.ಎಂ.ನಲ್ಲಿ ಹೇಳುವುದು ವಾಡಿಕೆ. 1 ಪಿ.ಪಿ.ಎಂ. ಎಂದರೆ ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ. ಜಿಬ್ಬರೆಲಿಕ್ ಆಮ್ಲವನ್ನು 50 ಪಿ.ಪಿ.ಎಂ. ಪ್ರಮಾಣದಲ್ಲಿ ಸಿಂಪಡಿಸಲು ಶುದ್ಧ ಪದಾರ್ಥ 1 ಗ್ರಾಂ ಇದ್ದರೆ 20 ಲೀಟರ್ ದ್ರಾವಣವಾಗುತ್ತದೆ. ಪೊಟ್ಟಣದಲ್ಲಿರುವುದು ಶೇಕಡ 40ರದ್ದಾಗಿದ್ದರೆ 1 ಗ್ರಾಮಿಗೆ 8 ಲೀಟರ್ ಮಾತ್ರ.

ಕಡ್ಡಿಗಳಿಗೆ ಬೇರು ಬರಿಸಲು ಬಳಸುವ ಇಂಡೋಲ್ ಬ್ಯುಟೈರಿಕ್ ಆಮ್ಲ, ಅಂದರೆ ಐ.ಬಿ.ಎ., ಪ್ರಯೋಗಾಲಯದ ದರ್ಜೆಯಲ್ಲಿ 5 ಗ್ರಾಂ ಸೀಸೆಗಳಲ್ಲಿ ದೊರೆಯುತ್ತದೆ. 2000 ಪಿ.ಪಿ.ಎಂ. ದ್ರಾವಣ 100 ಮಿಲಿಲೀಟರ್ ಬೇಕಾದರೆ ಹಿಡಿಯುವುದು 200 ಮಿಲಿಗ್ರಾಂ. ಆ ಸೀಸೆಯಿಂದ ಎರಡೂವರೆ ಲೀಟರ್ ದ್ರಾವಣವಾಗುತ್ತದೆ. ಐವತ್ತು ಗುಲಾಬಿ ಕಡ್ಡಿಗಳ ಬುಡವನ್ನು ಕೆಲವು ಸೆಕೆಂಡು ಅದ್ದಿ ತೆಗೆಯಲು 50 ಮಿಲಿಲೀಟರ್ ಸಹ ಬೇಡ. ಮೇಲಾಗಿ ಐ.ಬಿ.ಎ. ಬರೀ ನೀರಿನಲ್ಲಿ ಕರಗುವುದಿಲ್ಲ. ಮೊದಲು ಸ್ವಲ್ಪ ಆಲ್ಕೊಹಾಲಿನಲ್ಲಿ ಕರಗಿಸಬೇಕು. ತಯಾರಿಸಿದ ದ್ರಾವಣ ಬೆಳಕು ಮತ್ತು ಶಾಖಕ್ಕೆ ಸಿಕ್ಕಿ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಹವ್ಯಾಸಿಗಳಿಗೆ ಟಾಲ್ಕ್ ಪುಡಿಯಲ್ಲಿ ಬೆರೆಸಿರುವ ಸಿದ್ಧ ಬೇರುಚೋದಕ ಪುಡಿಯೇ ಲೇಸು. ದ್ರಾವಣವೇ ಬೇಕೆನ್ನುವವರು ನೇರವಾಗಿ ನೀರಿನಲ್ಲಿ ಕರಗುವ ಐ.ಬಿ.ಎ. ಪೊಟ್ಯಾಸಿಯಂ ಲವಣವನ್ನು ಕೇಳಿ ಕೊಳ್ಳಬಹುದು.

ಎಲ್ಲಿ, ಹೇಗೆ ಕೊಳ್ಳಬೇಕು?

ಲಘು ಪೋಷಕಾಂಶಗಳು 1985ರ ಗೊಬ್ಬರ ನಿಯಂತ್ರಣ ಆಜ್ಞೆಗೆ ಒಳಪಟ್ಟಿವೆ. 2021ರಲ್ಲಿ ಈ ಆಜ್ಞೆಗೆ ತಿದ್ದುಪಡಿಯಾಗಿ, 'ಬೆಳವಣಿಗೆಯ ಟಾನಿಕ್' ಎಂಬ ಹೆಸರಿನಲ್ಲಿ ಕಟ್ಟುಪಾಡಿಲ್ಲದೆ ಮಾರಾಟವಾಗುತ್ತಿದ್ದ ಜೈವಿಕ ಉತ್ತೇಜಕಗಳನ್ನೂ ಇದರ ವ್ಯಾಪ್ತಿಗೆ ತರಲಾಯಿತು. ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕಗಳು 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳಿಗೆ ಒಳಪಟ್ಟಿವೆ. ಜಿಬ್ಬರೆಲಿಕ್ ಆಮ್ಲದಂತಹ ಸಸ್ಯಚೋದಕಗಳೂ ಇದೇ ಕಾಯಿದೆಯ ಕೆಳಗೆ ನೋಂದಣಿಯಾಗಿವೆ. ಆದ್ದರಿಂದ ಇವುಗಳನ್ನು ಪರವಾನಗಿ ಪಡೆದ ಅಂಗಡಿಯಿಂದಲೇ ಕೊಳ್ಳಬೇಕು. 2022ರ ನವೆಂಬರಿನಿಂದ ಪರವಾನಗಿದಾರರು ಅಂತರಜಾಲದ ಮಾರಾಟ ತಾಣಗಳ ಮೂಲಕ ಮನೆಗೆ ಕಳುಹಿಸಲೂ ಅವಕಾಶವಾಗಿದೆ. ಆದರೆ ಅಲ್ಲಿಯೂ ಮಾರುವವನ ಹೆಸರು, ಪರವಾನಗಿ, ಪದಾರ್ಥದ ನೋಂದಣಿ ಸಂಖ್ಯೆಗಳನ್ನು ನೋಡದೆ ಬರೀ ಚಿತ್ರ ನೋಡಿ ತರಿಸಬಾರದು.

ಪೊಟ್ಟಣದ ಮೇಲೆ ಕೆಳಗಿನ ವಿವರಗಳಿವೆಯೇ ಎಂದು ಪರೀಕ್ಷಿಸಿ:

1. ರಾಸಾಯನಿಕದ ಪೂರ್ಣ ಹೆಸರು ಮತ್ತು ರೂಪ.
2. ಸತ್ವದ ಶೇಕಡ ಪ್ರಮಾಣ.
3. ನಿವ್ವಳ ತೂಕ.
4. ತಯಾರಕರ ಹೆಸರು, ವಿಳಾಸ.
5. ತಂಡದ ಸಂಖ್ಯೆ ಮತ್ತು ತಯಾರಾದ ದಿನಾಂಕ. ಕೀಟನಾಶಕವಾದರೆ ಅವಧಿ ಮುಗಿಯುವ ದಿನಾಂಕ ಮತ್ತು ನೋಂದಣಿ ಸಂಖ್ಯೆ.
6. ಕೀಟನಾಶಕವಾದರೆ ಬಣ್ಣದ ಗುರುತು.

ಕೀಟನಾಶಕದ ಮೇಲಿನ ಬಣ್ಣದ ಗುರುತು ಅದರ ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಅತ್ಯಂತ ತೀವ್ರ ವಿಷ, ಹಳದಿ ತೀವ್ರ ವಿಷ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಮಕ್ಕಳು ಓಡಾಡುವ ಹಿತ್ತಿಲು, ತಾರಸಿಗಳಿಗೆ ಕೆಂಪು ಮತ್ತು ಹಳದಿ ಗುರುತಿನವನ್ನು ತರಲೇಬಾರದು. ಹಸಿರು ಗುರುತಿದ್ದರೂ ಅದು ಔಷಧಿಯೇ ಹೊರತು ನಿರಪಾಯಕರವಲ್ಲ.

ಖರೀದಿಗೆ ರಸೀದಿ ಪಡೆಯುವುದನ್ನು ಮರೆಯಬಾರದು. ನೂರು ಗ್ರಾಮಿಗೆ ರಸೀದಿ ಏಕೆಂದು ಸಂಕೋಚ ಬೇಡ. ಪದಾರ್ಥ ಕಳಪೆಯೆಂದು ಕಂಡುಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳ ಬಳಿ ದೂರು ಕೊಡಲು ಈ ರಸೀದಿ ಮತ್ತು ಪೊಟ್ಟಣದ ತಂಡದ ಸಂಖ್ಯೆಯೇ ಆಧಾರ.

ಲವಣಗಳ 1 ಕಿಲೋ ಪೊಟ್ಟಣ ಒಬ್ಬರಿಗೆ ಹೆಚ್ಚಾದರೆ ನಾಲ್ಕು ಮನೆಯವರು ಸೇರಿ ಕೊಂಡು ಹಂಚಿಕೊಳ್ಳಬಹುದು. ಹಂಚಿಕೊಂಡ ಪ್ರತಿಯೊಂದು ಡಬ್ಬಿಯ ಮೇಲೂ ಹೆಸರು, ಶೇಕಡ ಪ್ರಮಾಣ, ಕೊಂಡ ತಿಂಗಳು ಬರೆದು ಅಂಟಿಸಬೇಕು. ಕೀಟನಾಶಕಗಳನ್ನು ಮಾತ್ರ ಎಂದಿಗೂ ಹೀಗೆ ಹಂಚಿಕೊಳ್ಳಬಾರದು. ಮೂಲ ಸೀಸೆಯಿಂದ ಬೇರೆ ಮಾಡಿದ ಕೀಟನಾಶಕ ಹೆಸರಿಲ್ಲದ ವಿಷ.

ಖಾಸಗಿಯವರಿಗೆ ಸುಲಭವಾಗಿ ಸಿಗದ ಪದಾರ್ಥಗಳು

ಕೆಲವು ರಾಸಾಯನಿಕಗಳನ್ನು ಅಂಗಡಿಯವರು ಕೊಡಲು ಒಪ್ಪುವುದಿಲ್ಲ. ಇದಕ್ಕೆ ಕಾರಣಗಳಿವೆ. ಹಿಂಬಾಗಿಲಿನಿಂದ ಪಡೆಯಲು ಯತ್ನಿಸದೆ ಬದಲಿ ಪದಾರ್ಥವನ್ನು ತಿಳಿದುಕೊಳ್ಳುವುದು ಮೇಲು.

ಅಮೋನಿಯಂ ನೈಟ್ರೇಟ್: ಹಳೆಯ ಪುಸ್ತಕಗಳಲ್ಲಿ ಗೊಬ್ಬರವೆಂದು ಇದರ ಹೆಸರಿದೆ. 2011ರಲ್ಲಿ ಶೇಕಡ 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣಗಳನ್ನು ಸ್ಫೋಟಕವೆಂದು ಸಾರಲಾಯಿತು. 2012ರ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಇದನ್ನು ಇಟ್ಟುಕೊಳ್ಳುವಂತಿಲ್ಲ. ಮಣ್ಣಿಲ್ಲದ ಬೇಸಾಯ ಮಾಡುವ ಹವ್ಯಾಸಿಗಳಿಗೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಸಾಕು.

ಆಮ್ಲಗಳು: ಗಡಸು ನೀರಿನ ಕ್ಷಾರಗುಣ ತಗ್ಗಿಸಲು ಕೆಲವರು ಸಲ್ಫ್ಯೂರಿಕ್ ಆಮ್ಲ ಹುಡುಕುತ್ತಾರೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನಗಳ ಮೇರೆಗೆ ಆಮ್ಲ ಕೊಳ್ಳುವವರು ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಿ, ಉದ್ದೇಶವನ್ನು ತಿಳಿಸಬೇಕು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ಕುಂಡಗಳಿಗೆ ಹಾಕುವ ನೀರಿಗೆ ಸಿಟ್ರಿಕ್ ಆಮ್ಲದ ಹರಳು ಸಾಕಾಗುತ್ತದೆ.

ಆಲ್ಕೊಹಾಲ್: ಶುದ್ಧ ಎಥನಾಲ್ ಅಬಕಾರಿ ನಿಯಮಗಳಿಗೆ ಒಳಪಟ್ಟಿದೆ. ಸಸ್ಯಚೋದಕ ಕರಗಿಸಲು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಬಹುದು. ಮೆಥನಾಲನ್ನು ಮಾತ್ರ ಮನೆಗೆ ತರಬಾರದು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಸಾಮಾನ್ಯರು ಇದನ್ನು ಗುರುತಿಸಲಾರರು.

ನಿಷೇಧಿತ ಕೀಟನಾಶಕಗಳು: ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಜನರ ನೋವು ಎಲ್ಲರಿಗೂ ತಿಳಿದದ್ದೇ. ಮನೆಯ ಮೂಲೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು 'ಹಿಂದಿನವರು ಬಳಸುತ್ತಿದ್ದರು' ಎಂಬ ಕಾರಣಕ್ಕೆ ತೆರೆಯಬಾರದು. ಕೃಷಿ ಅಧಿಕಾರಿಗಳಿಗೆ ತಿಳಿಸಬೇಕು.

ಎರಡು ಸರಳ ಪರೀಕ್ಷೆಗಳು

ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ, ಗಾಜಿನ ಲೋಟದಲ್ಲಿ ಈ ಪರೀಕ್ಷೆಗಳನ್ನು ಮಾಡಬಹುದು. ಲೋಟವನ್ನು ಮತ್ತೆ ಮನೆಬಳಕೆಗೆ ತೆಗೆದುಕೊಳ್ಳಬಾರದು.

ಸತುವಿನ ಸಲ್ಫೇಟ್: ಇದಕ್ಕೆ ಅಗ್ಗದ ಮೆಗ್ನೀಸಿಯಂ ಸಲ್ಫೇಟ್ ಬೆರೆಸುವುದುಂಟು. 1 ಗ್ರಾಂ ಪುಡಿಯನ್ನು ಒಂದು ಚಮಚೆ ಶುದ್ಧ ನೀರಿನಲ್ಲಿ ಕರಗಿಸಿ, ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಹಾಕಿ. ಬಿಳಿಯ ಲೋಳೆಯಂತಹ ಗಸಿ ಕಾಣಿಸಿಕೊಳ್ಳುತ್ತದೆ. ಇನ್ನಷ್ಟು ದ್ರಾವಣ ಹಾಕಿದಾಗ ಗಸಿ ಕರಗಿ ತಿಳಿಯಾದರೆ ಅದು ಸತುವಿನದು. ಎಷ್ಟು ಹಾಕಿದರೂ ಕರಗದೆ ಉಳಿದರೆ ಮೆಗ್ನೀಸಿಯಂ ಬೆರೆತಿದೆ ಎಂದು ತಿಳಿಯಬೇಕು.

ಮೈಲುತುತ್ತ: ಚಿಟಿಕೆ ಪುಡಿಯನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ದ್ರಾವಣವನ್ನು ಹೆಚ್ಚಾಗಿಯೇ ಹಾಕಿ. ಶುದ್ಧವಾಗಿದ್ದರೆ ಕಡುನೀಲಿಯ ತಿಳಿ ದ್ರಾವಣವಾಗುತ್ತದೆ. ಅನ್ನಭೇದಿ ಬೆರೆತಿದ್ದರೆ ಹಸಿರು ಅಥವಾ ಕಂದು ಬಣ್ಣದ ಗಸಿ ತಳದಲ್ಲಿ ನಿಲ್ಲುತ್ತದೆ. ಬೋರ್ಡೋ ದ್ರಾವಣ ತಯಾರಾದ ಮೇಲೆ ಹೊಳಪಾದ ಚಾಕುವಿನ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ನೋಡುವುದನ್ನೂ ಬಿಡಬಾರದು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನೂ ಸ್ವಲ್ಪ ಸುಣ್ಣದ ತಿಳಿ ಸೇರಿಸಬೇಕು.

ಈ ಪರೀಕ್ಷೆಗಳಿಂದ ಅನುಮಾನ ಮಾತ್ರ ತಿಳಿಯುತ್ತದೆ. ಸತ್ವದ ಪ್ರಮಾಣ ತಿಳಿಯಲು ಪ್ರಯೋಗಾಲಯದ ವಿಶ್ಲೇಷಣೆಯೇ ಬೇಕು.

ಮನೆಗೆ ತಂದ ಮೇಲೆ

ಅತಿ ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿ. ಹೊಲದ ಮನೆಯಲ್ಲಿ ಔಷಧಿಗೆ ಬೇರೆ ಕೋಣೆ ಇರಬಹುದು. ಬಡಾವಣೆಯ ಮನೆಯಲ್ಲಿ ಇರುವುದಿಲ್ಲ. ಬೋರಾಕ್ಸ್, ಸತುವಿನ ಸಲ್ಫೇಟ್, ಸಿಟ್ರಿಕ್ ಆಮ್ಲ ಮೂರೂ ಸಕ್ಕರೆ, ಉಪ್ಪಿನಂತೆಯೇ ಬಿಳಿಯಾಗಿರುತ್ತವೆ. ತಂಪು ಪಾನೀಯದ ಸೀಸೆಯಲ್ಲಿ ಹಾಕಿಟ್ಟ ಕಳೆನಾಶಕವನ್ನು ಮಗು ಪಾನೀಯವೆಂದೇ ಭಾವಿಸುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆ ಸೇರಿದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮನೆಯಂಗಳದ ಹುಲ್ಲು ತೆಗೆಯಲು ಕುಡುಗೋಲು ಸಾಕು. ಅದಕ್ಕಾಗಿ ಇಂತಹ ವಿಷವನ್ನು ಕೊಳ್ಳುವ ಅಗತ್ಯವೇ ಇಲ್ಲ.

1. ತಿನ್ನುವ, ಕುಡಿಯುವ ಪದಾರ್ಥಗಳ ಡಬ್ಬಿ, ಸೀಸೆಗಳಲ್ಲಿ ಯಾವ ರಾಸಾಯನಿಕವನ್ನೂ ಇಡಬಾರದು.
2. ಅಡಿಗೆ ಮನೆಯಿಂದ ದೂರ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು.
3. ಅಳತೆಯ ಚಮಚೆ, ಲೋಟ, ಬಕೆಟ್ಟುಗಳನ್ನು ಬೇರೆಯಾಗಿಯೇ ಇಡಬೇಕು.
4. ಒಂದು ವರ್ಷಕ್ಕೆ ಬೇಕಾಗುವಷ್ಟನ್ನು ಮಾತ್ರ ತರಬೇಕು. ಅನ್ನಭೇದಿಯ ಹಸಿರು ಹರಳು ಗಾಳಿಗೆ ಕಂದಾಗಿ ಕೆಡುತ್ತದೆ. ಸುಣ್ಣ ಸತ್ವ ಕಳೆದುಕೊಳ್ಳುತ್ತದೆ.
5. ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬಳಸಬೇಕು.
6. ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬಾರದು. ಮಳೆಯ ನೀರಿನೊಡನೆ ಅದು ಕೊನೆಗೆ ಸೇರುವುದು ಅಮೃತಹಳ್ಳಿ, ಜಕ್ಕೂರಿನಂತಹ ಕೆರೆಗಳನ್ನು. ತಾಮ್ರವು ಮೀನುಗಳಿಗೆ ವಿಷ. ಎಷ್ಟು ಬೇಕೋ ಅಷ್ಟೇ ದ್ರಾವಣ ತಯಾರಿಸಿ ಮುಗಿಸಬೇಕು.

ಆಕಸ್ಮಿಕವಾಗಿ ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಸೋಪು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಬೇಕು. ನುಂಗಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ; ಆಮ್ಲ, ಕ್ಷಾರ, ಎಣ್ಣೆ ಬೆರೆತ ಔಷಧಿಗಳ ವಿಷಯದಲ್ಲಿ ಇದರಿಂದ ಅಪಾಯ ಹೆಚ್ಚುತ್ತದೆ. 108ಕ್ಕೆ ಕರೆ ಮಾಡಿ, ಪೊಟ್ಟಣ ಅಥವಾ ಸೀಸೆಯನ್ನು ಜೊತೆಗೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ದೆಹಲಿಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800-116-117 ಸಂಖ್ಯೆಯಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ. ಹೆಸರಿಲ್ಲದ ಪೊಟ್ಟಣವಾದರೆ ವೈದ್ಯರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

'ಲೀಟರಿಗೆ 5 ಗ್ರಾಂ ಜಿಂಕ್ ಹಾಕಿ' ಎಂಬ ಸಲಹೆ ಅಪೂರ್ಣ. ಯಾವ ರೂಪ, ಶೇಕಡ ಎಷ್ಟರದ್ದು ಎಂಬುದನ್ನು ಸೇರಿಸಿಯೇ ಹೇಳಬೇಕು. ಸಾಧ್ಯವಾದರೆ ಚೀಟಿಯಲ್ಲಿ ಬರೆದುಕೊಡಬೇಕು. ಕೇಳುವವರದು ಎಕರೆಯೋ ಕುಂಡವೋ ಎಂದು ವಿಚಾರಿಸಿ, ಕುಂಡವಾದರೆ ಮಿಲಿಲೀಟರ್ ಲೆಕ್ಕದಲ್ಲಿ ಹೇಳಬೇಕು. ಬೆಳೆಗಾರರೂ ಸಂದೇಹವಿದ್ದಾಗ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕರೆ ಕೇಂದ್ರದ 1800-180-1551 ಸಂಖ್ಯೆಯಲ್ಲಿ ವಿಚಾರಿಸಬಹುದು.

ಮುಕ್ತಾಯ

ತಾವೇ ಅಳೆದು, ಬೆರೆಸಿ, ಪ್ರಯೋಗ ಮಾಡಿ ನೋಡುವ ಹವ್ಯಾಸ ಒಳ್ಳೆಯದು. ಆದರೆ ಪದಾರ್ಥದ ಹೆಸರೊಂದನ್ನೇ ನಂಬಿ ಕೊಳ್ಳಬಾರದು. ರೂಪ ಯಾವುದು, ಸತ್ವ ಎಷ್ಟು, ನನಗೆ ಬೇಕಾದುದೆಷ್ಟು, ಮನೆಯಲ್ಲಿ ಎಲ್ಲಿ ಇಡುತ್ತೇನೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಹಣ ಕೊಡಬೇಕು. ಒಂದಕ್ಕೆ ಉತ್ತರ ಸಿಗದಿದ್ದರೂ ಆ ದಿನ ಬರಿಗೈಯಲ್ಲಿ ಹಿಂದಿರುಗುವುದೇ ಕ್ಷೇಮ. ಗಿಡ ಒಂದು ವಾರ ಕಾಯಬಲ್ಲದು.